ಪಿಕಪ್ಪಿನ ಎಡಗಡೆ ಸೀಟು

ಅವತ್ತು ನಾನು ಗಿರಣಿ ಮುಚ್ಚುವ ಹೊತ್ತಿಗೆ ಊರು ಮಲಗಿತ್ತು. ನಮ್ಮ ಕಡೆ ತ್ರೀ ಫೇಸ್ ಕರೆಂಟು ಕೊಡುತ್ತಿದ್ದದ್ದೇ ರಾತ್ರಿ ಹೊತ್ತು. ಜನ ಹಗಲಲ್ಲಿ ರಾಗಿ, ಅಕ್ಕಿ ತಂದು ಇಟ್ಟು ಹೋಗುತ್ತಿದ್ದರು, ನಾನು ರಾತ್ರಿ ಕೂತು ಬೀಸುತ್ತಿದ್ದೆ. ಬೀಗ ಹಾಕಿ, ಸೆರಗಿನ ಹಿಟ್ಟು ಕೊಡವಿಕೊಂಡು ಮನೆ ಕಡೆ ಹೊರಟೆ. ದಾರಿಯಲ್ಲಿ ಹಳೇ ಬಾವಿ. ಬಾವಿ ದಾಟಿದರೆ ಆಲದ ಮರ. ಮರದ ಕೆಳಗೆ ಅಭಿಯ ಪಿಕಪ್ಪು ನಿಂತಿತ್ತು.

ಮಂಜು ಇಳಿದಿತ್ತು. ಟಾರ್ಚಿನ ಬೆಳಕು ಒಂದು ಮಾರು ಹೋಗಿ ಅಲ್ಲೇ ಬೆಳ್ಳಗೆ ನಿಂತುಬಿಡುತ್ತಿತ್ತು. ಬಾವಿಕಟ್ಟೆಯ ಹತ್ತಿರ ಬಂದಾಗ ಕೇಳಿಸಿತು...

ಟಕ್.

ಬಾಗಿಲಿನ ಹಿಡಿ. ಆಮೇಲೆ ಕಿರ್ರ್... ಅಂತ ಬಾಗಿಲು ತೆರೆಯಿತು. ಗುಯ್ಕ್ ಅಂತ ಕೆಳಗಿನ ಕಮಾನು ಪಟ್ಟಿ ಕುಸಿಯಿತು. ಯಾರಾದರೂ ಹತ್ತಿ ಕೂತರೆ ಕುಸಿಯುತ್ತದಲ್ಲ, ಹಾಗೆ. ಕೊನೆಗೆ ಧಪ್. ಬಾಗಿಲು ಮುಚ್ಚಿತು.

ಸದ್ದಿನ ವಿಷಯದಲ್ಲಿ ನನ್ನನ್ನು ಯಾರೂ ಏಮಾರಿಸಲಾರರು. ಗಂಡ ಹೋದ ಮೇಲೆ ಒಬ್ಬಳೇ ಗಿರಣಿ ನಡೆಸಿದವಳು. ಬೇರಿಂಗಿನ ಸದ್ದು ಯಾವುದು, ಬೆಲ್ಟಿನ ಸದ್ದು ಯಾವುದು ಅಂತ ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಅಕ್ಷರವನ್ನೂ ನಾನೇ ಕಲಿತದ್ದು, ದೆವ್ವದ ಕತೆಗಳನ್ನು ಬೇಕಾದಷ್ಟು ಓದಿದ್ದೇನೆ. ಅವುಗಳಲ್ಲಿ ದೆವ್ವಕ್ಕೆ ಬಿಳಿ ಸೀರೆ, ಹಿಂದುಮುಂದಾದ ಪಾದ. ಇದರಲ್ಲಿ ಅದೆಲ್ಲ ಇಲ್ಲ. ಇದು ನನ್ನ ಚಿಕ್ಕಪ್ಪನ ಮಗ ಲಿಂಗಪ್ಪನ ಮನೆಯಲ್ಲಿ ನಡೆದದ್ದು.

ಅಭಿ ಅಂದರೆ ಅಭಿಲಾಷ್, ಲಿಂಗಪ್ಪನ ಒಬ್ಬನೇ ಮಗ. ಇಬ್ಬನಿ ಬೀಳುತ್ತದೆ ಅಂತ ಗಾಡಿಗೆ ಹೊದಿಸಲು ಪ್ಲಾಸ್ಟಿಕ್ ಹಾಳೆ ಹೊತ್ತುಕೊಂಡು ಮನೆ ಕಡೆಯಿಂದ ಬರುತ್ತಿದ್ದ. ನಾನು ಅವನ ತೋಳು ಹಿಡಿದುಕೊಂಡೆ.

"ಗಾಡಿ ಒಳಗೆ ಯಾರೋ ಅವ್ರೆ ಕಣೋ," ಅಂದೆ ಪಿಸುದನಿಯಲ್ಲಿ.

ಅವನು ಗಾಡಿಯೊಳಕ್ಕೆ ಟಾರ್ಚು ಬಿಟ್ಟ. ಸೀಟು ಖಾಲಿ.

"ಲಾಕು ಸವ್ದೈತೆ ಅತ್ತೆ. ನಾಳೆ ಬದಲಾಯಿಸ್ತೀನಿ."

"ಲಾಕು ಸವ್ದ್ರೆ ಬಾಗ್ಲು ತಕ್ಕಳ್ತದೆ. ತಾನಾಗೇ ಮುಚ್ಕಳ್ತದೇನೋ?"

ಹುಡುಗ ಪ್ಲಾಸ್ಟಿಕ್ ಹೊದಿಸಿದ. ಎಡಗಡೆ ಬಾಗಿಲಿನ ಮೇಲೆ ಮಾತ್ರ ಹೊದಿಸದೆ ಹಾಗೇ ಬಿಟ್ಟ. ಅದನ್ನು ನಾನು ಗಮನಿಸಿದೆ, ಕೇಳಲಿಲ್ಲ.

ಆ ಗಾಡಿ ಊರಿಗೆ ಬಂದದ್ದು ಎರಡು ಸಾವಿರದ ಮೂರರಲ್ಲಿ. ಸಕಲೇಶಪುರದ ಆಚೆ ಒಂದು ಎಸ್ಟೇಟಿನ ಸ್ಟೋರಿನ ಹಿಂದೆ ಬಹಳ ಕಾಲದಿಂದ ನಿಂತಿತ್ತಂತೆ. ಡ್ರೈವರ್ ಸೀಟಿನಲ್ಲಿ ಕೋಳಿ ಕಾವಿಗೆ ಕೂರುತ್ತಿತ್ತಂತೆ. ಅಭಿ ಪಿಯುಸಿ ಫೇಲಾಗಿ ಪೇಟೆಯ ಗ್ಯಾರೇಜಿನಲ್ಲಿ ಗ್ರೀಸು ಮೆತ್ತಿಕೊಂಡು ಓಡಾಡುತ್ತಿದ್ದವನು, ಹದಿನೆಂಟು ತುಂಬಿ ಲೈಸೆನ್ಸು ಕೈಗೆ ಬಂದದ್ದೇ ಅಪ್ಪನ ಬೆನ್ನು ಬಿದ್ದು ಅದನ್ನು ಕೊಡಿಸಿಕೊಂಡ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದಾಗ ಪಕ್ಕದ ಮನೆ ಕುಳ್ಳಯ್ಯ, "ಇದನ್ನ ಓಡ್ಸಕ್ಕೆ ತಂದ್ಯೋ, ಹೂಳಕ್ಕೆ ತಂದ್ಯೋ ಮಾರಾಯ," ಅಂದ. ಊರೆಲ್ಲ ನಕ್ಕಿತು.

ಹುಡುಗ ತಲೆ ಕೆಡಿಸಿಕೊಳ್ಳಲಿಲ್ಲ. ಆಲದ ಮರದ ಕೆಳಗೇ ಗ್ಯಾರೇಜು ಮಾಡಿಕೊಂಡ. ಎಂಜಿನ್ ಬಿಚ್ಚಿ, ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಗೋಣಿಚೀಲದ ಮೇಲೆ ಸಾಲಾಗಿ ಜೋಡಿಸಿದ. ಯಾರಾದರೂ ಅದನ್ನು ದಾಟಿ ಕಾಲಿಟ್ಟರೆ ಮೈಮೇಲೆ ಬರುತ್ತಿದ್ದ. ತುಕ್ಕು ತಿಂದ ಕಡೆ ತಗಡು ಕೂರಿಸಿ ವೆಲ್ಡಿಂಗ್ ಮಾಡಿಸಿದ. ಪುಟ್ಟಿ ಬಳಿದು ಉಪ್ಪುಕಾಗದದಲ್ಲಿ ತಿಕ್ಕಿ ತಿಕ್ಕಿ ಬೆರಳ ತುದಿಯ ಚರ್ಮ ಕಳೆದುಕೊಂಡ. ಬಣ್ಣ, ಎಸ್ಟೇಟಿನ ಗೇಟಿಗೆ ಬಳಿದು ಮಿಕ್ಕಿದ್ದ ಹಸಿರು. ಹೆಡ್‌ಲೈಟು ಒಂದು ಬಿಳಿ, ಒಂದು ಹಳದಿ. ಗುಜರಿಯಲ್ಲಿ ಜೋಡಿ ಸಿಗಲಿಲ್ಲವಂತೆ.

ಮೊದಲ ಸಲ ಸ್ಟಾರ್ಟ್ ಆದ ದಿನ ನಾನೂ ಇದ್ದೆ. ಕುಯ್ ಕುಯ್ ಕುಯ್ ಅಂದಿತು. ಕೆಮ್ಮಿತು. ಮತ್ತೆ ಕುಯ್ ಕುಯ್... ಗಡಗಡಗಡ ಅಂತ ಹಿಡಿದುಕೊಂಡಿತು. ಆಲದ ಮರದ ಹಕ್ಕಿಗಳೆಲ್ಲ ಎದ್ದುಹೋದವು. ಅಭಿ ಬಾನೆಟ್ಟಿನ ಮೇಲೆ ಎರಡೂ ಅಂಗೈ ಊರಿ, ಕಣ್ಣು ಮುಚ್ಚಿಕೊಂಡು ನಿಂತಿದ್ದ. ಅಂಥ ಖುಷಿ ಕಂಡರೆ ನೋಡಿದವರಿಗೂ ಹೊಟ್ಟೆ ಉರಿಯಬೇಕು. ಕುಳ್ಳಯ್ಯ ನಗಲಿಲ್ಲ ಅವತ್ತು.

ಈಗ ಆ ಮನೆಯ ಒಂದು ಪದ್ಧತಿ ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಅಭಿಯ ತಾಯಿ ಸುಲೋಚನ, ಲಿಂಗಪ್ಪನ ಎರಡನೆಯವಳು. ಮೊದಲನೆಯವಳು ಕಲ್ಯಾಣಮ್ಮ. ನನಗಿಂತ ಸ್ವಲ್ಪ ಚಿಕ್ಕವಳು, ಒಳ್ಳೇ ಹೆಂಗಸು. ಮಕ್ಕಳಿಲ್ಲ ಅನ್ನುವ ಕೊರಗೊಂದು ಇತ್ತು. ಜ್ವರ ತಲೆಗೇರಿ, ಆಸ್ಪತ್ರೆಗೆ ಅಂತ ಜೀಪಿನ ಹಿಂದೆ ಮಲಗಿಸಿ ಕರೆದೊಯ್ಯುವಾಗ ದಾರಿಯಲ್ಲೇ ಹೋಗಿಬಿಟ್ಟಳು. ನಮ್ಮಲ್ಲಿ ಹಾಗೆ ಮೊದಲನೆಯವಳು ಮುತ್ತೈದೆಯಾಗಿ ಹೋಗಿದ್ದರೆ, ಎರಡನೆಯವಳು ಕೊರಳಲ್ಲಿ ಅವಳ ಹೆಸರಿನದೊಂದು ತಾಳಿ ಕಟ್ಟಿಕೊಳ್ಳಬೇಕು. ಸವತಿ ತಾಳಿ. ಅಷ್ಟೇ ಅಲ್ಲ, ಮನೆಗೆ ಹೊಸದು ಏನೇ ಬರಲಿ, ಮೊದಲು ಹಿರಿಯಳಿಗೆ ಇಡಬೇಕು. ಹೊಸ ಸೀರೆಯೋ, ಬಳೆಯೋ, ಮಣೆಯ ಮೇಲಿಟ್ಟು ಅರಿಶಿನ ಕುಂಕುಮ ಹಾಕಿ, "ಇದು ನಿನ್ನದು, ನಿನ್ನ ಹೆಸರಲ್ಲಿ ನಾನು ಉಡುತ್ತೇನೆ" ಅಂದುಕೊಂಡು ಆಮೇಲೆ ಮುಟ್ಟಬೇಕು.

ಸುಲೋಚನ ಮದುವೆಯಾಗಿ ಬಂದಾಗಿನಿಂದ ಅದನ್ನು ತಪ್ಪದೆ ಮಾಡಿದವಳು. ಮಾಡುವಾಗ ಅವಳ ಮುಖ ನೋಡಬೇಕಿತ್ತು. ಹೊಸ ಸೀರೆ ಅಂತ ಅವಳು ಒಂದನ್ನೂ ಉಡಲಿಲ್ಲ ನೋಡಿ, ಯಾವಾಗಲೂ ಇನ್ನೊಬ್ಬಳದು. ಒಮ್ಮೆ ನನ್ನ ಹತ್ತಿರ, "ಸತ್ತೋರಿಗೆ ಏನತ್ತಿಗೆ, ವಯಸ್ಸೂ ಆಗಲ್ಲ, ಬೈಸ್ಕಳದೂ ಇಲ್ಲ," ಅಂದಿದ್ದಳು.

ಗಾಡಿ ಪೂಜೆಯ ದಿನ ಅಯ್ನೋರು ಶಿವಯ್ಯ ಬಂದು ವಿಭೂತಿ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡಿಸಿದರು. ಎಲ್ಲ ಮುಗಿದ ಮೇಲೆ ಲಿಂಗಪ್ಪ ಮೆಲ್ಲಗೆ, ಹಿರಿಯಳಿಗೂ ಒಂದು ಸೀರೆ, ರವಿಕೆ ಕಣ ಇಟ್ಟು ಹೊರಡಬಹುದಲ್ಲ ಅಂದ. ಅಯ್ನೋರೂ ಹೌದು ಅಂದರು.

ಸುಲೋಚನ ಹೂವಿನ ತಟ್ಟೆ ಕೆಳಗಿಟ್ಟಳು.

"ಸೀರೆ ಕೊಟ್ಟೆ, ಬಳೆ ಕೊಟ್ಟೆ. ಗಂಡನ್ನೂ ಅವ್ಳು ಉಂಡ ಎಲೇಲೇ ಉಂಡೆ. ಇದು ನನ್ನ ಮಗನ ಗಾಡಿ. ಇದ್ರಲ್ಲಿ ಮೊದ್ಲು ಕೂರೋಳು ನಾನು."

ಅಂದವಳೇ ಬಾಗಿಲು ತೆಗೆದು ಎಡಗಡೆ ಸೀಟಿನಲ್ಲಿ ಕೂತುಬಿಟ್ಟಳು. ಹೆತ್ತವಳು, ಅಲ್ಲಿ ಯಾರು ಏನು ಹೇಳುತ್ತಾರೆ. ಅಭಿ ನಗುತ್ತಾ ಕೀಲಿ ತಿರುಗಿಸಿದ. ಕುಯ್ ಕುಯ್... ಗಾಡಿ ಹಿಡಿಯಲಿಲ್ಲ. ಮತ್ತೆ ತಿರುಗಿಸಿದ, ಇಲ್ಲ. ಬ್ಯಾಟರಿ ಇಳಿದಿದೆ ಅಂದ. ಅವಳು ಇಳಿದು, ಹುಡುಗರನ್ನು ತಳ್ಳಲು ಕರೆಯುತ್ತಿದ್ದ ಹಾಗೆ, ಇನ್ನೊಂದು ಸಲ ತಿರುಗಿಸಿದ ನೋಡಿ... ಗಡಗಡಗಡ.

ಎಲ್ಲರೂ ನಕ್ಕರು. ಸುಲೋಚನ ನಗಲಿಲ್ಲ.

ಅಲ್ಲಿಂದ ಶುರುವಾಯಿತು. ಅಭಿ ಶುಂಠಿ ಚೀಲ, ಕಾಫಿ ಚೀಲ ಅಂತ ಆಲೂರಿಗೂ ಸಕಲೇಶಪುರಕ್ಕೂ ಬಾಡಿಗೆ ಹೊಡೆಯತೊಡಗಿದ. ಒಬ್ಬನೇ ಇದ್ದರೆ ಗಾಡಿ ಮೊದಲ ಸಲಕ್ಕೇ ಹಿಡಿಯುತ್ತಿತ್ತು. ಅಮ್ಮ ಹತ್ತಿದರೆ ಸತ್ತ ಹಾಗೆ ಕೂರುತ್ತಿತ್ತು. ಎಡಗಡೆ ಬಾಗಿಲು ತಾನಾಗಿ ತೆಗೆಯುವುದು, ಮುಚ್ಚುವುದು. ಹೊಸ ಲಾಕು ಹಾಕಿದ, ಹಾಗೇ ಆಯಿತು. ಗಾಡಿ ಎಡಕ್ಕೆ ಕುಸಿದು ನಿಲ್ಲುತ್ತದೆ ಅಂತ ಕಮಾನು ಪಟ್ಟಿ ಬಿಚ್ಚಿಸಿ ಹೊಸದು ಕೂರಿಸಿದ. ಒಂದು ದಿನ ನೆಟ್ಟಗಿತ್ತು, ಮಾರನೇ ಬೆಳಿಗ್ಗೆ ಮತ್ತೆ ಎಡಕ್ಕೆ. ಹುಡುಗ ಅದನ್ನೆಲ್ಲ ರಿಪೇರಿ ಅಂತಲೇ ತಿಳಿದಿದ್ದ. ಕೈಯಲ್ಲಿ ಸ್ಪ್ಯಾನರ್ ಇರುವ ತನಕ ಅವನಿಗೆ ಹೆದರಿಕೆ ಅನ್ನುವುದೇ ಗೊತ್ತಿರಲಿಲ್ಲ.

ನಾನು ಹೇಳಿದ ಆ ರಾತ್ರಿ ಆದ ಕೆಲವು ದಿನಕ್ಕೆ, ಸವೆದ ಗಿರಣಿ ಕಲ್ಲಿಗೆ ಹಲ್ಲು ಕೊಡಿಸಲು ಅವನ ಗಾಡಿಯಲ್ಲೇ ಆಲೂರಿಗೆ ಹೊರಟೆ. ಬೆಳಗಿನ ಜಾವ, ಹಲ್ಲು ಕಟಕಟಿಸುವ ಚಳಿ. ಬಾಗಿಲು ತೆಗೆದು ಹತ್ತಿ ಕೂತೆ...

ಸೀಟು ಬೆಚ್ಚಗಿತ್ತು.

ಯಾರೋ ಈಗಷ್ಟೇ ಎದ್ದುಹೋದ ಹಾಗೆ. ಎಂಜಿನ್ ಇನ್ನೂ ಸ್ಟಾರ್ಟೇ ಆಗಿರಲಿಲ್ಲ. ನಾನು ಗಟ್ಟಿ ಹೆಂಗಸು, ಆದರೂ ಕೈ ತಾನಾಗಿ ಕೊರಳಿನ ಲಿಂಗದ ಮೇಲೆ ಹೋಯಿತು.

"ಅತ್ತೆ, ಸ್ವಲ್ಪ ಈ ಕಡೆ ಸರ್ಕೊಳಿ. ಕಿಟಕಿ ಪಕ್ಕ ಜಾಗ ಇರ್ಲಿ."

"ಯಾರಿಗೋ?"

"ದೊಡ್ಡಮ್ಮಂಗೆ."

ನಾನು ಅವನ ಮುಖ ನೋಡಿದೆ. ರಸ್ತೆ ನೋಡುತ್ತಿದ್ದ. ಎಷ್ಟು ಮಾಮೂಲಾಗಿ ಅಂದಿದ್ದನೆಂದರೆ, ಮುಂದಿನ ಸ್ಟಾಪಿನಲ್ಲಿ ಯಾರೋ ನೆಂಟರು ಹತ್ತುತ್ತಾರೆ ಅನ್ನುವ ಹಾಗೆ.

"ಕಣ್ಣಿಗೆ ಕಾಣುಸ್ತಾಳೇನೋ?" ಅಂದೆ.

"ಇಲ್ಲ. ಗಾಡಿ ಹೇಳ್ತದೆ. ದೊಡ್ಡಮ್ಮ ಇದ್ರೆ ಎಡಕ್ಕೆ ಎಳೀತದೆ, ಇಲ್ದಿದ್ರೆ ನೆಟ್ಟಗೆ ಓಡ್ತದೆ."

"ಹೆದ್ರಿಕೆ ಆಗಲ್ವಾ?"

"ಯಾಕೆ ಅತ್ತೆ? ಅವ್ರು ಸುಮ್ನೆ ಕೂತಿರ್ತಾರೆ. ಅಮ್ಮನ ತರ ಎಲ್ಲಿಗೋಗಿದ್ದೆ, ಯಾಕ್ ತಡ ಅಂತ ಕೇಳಲ್ಲ."

ನಾನು ಸರಿದು ಕೂತೆ. ಆಲೂರು ಬರುವ ತನಕ ಎಡಗಡೆ ತೋಳು ತಣ್ಣಗಿರಲಿಲ್ಲ. ಅಷ್ಟು ಹೇಳುತ್ತೇನೆ, ಅದಕ್ಕಿಂತ ಹೆಚ್ಚಿಗೆ ಕಟ್ಟಿ ಹೇಳುವುದಿಲ್ಲ.

ನಾನು ಸುಲೋಚನಳಿಗೆ ಒಂದು ಮಾತೂ ಹೇಳಲಿಲ್ಲ. ಹೇಳಿದ್ದು ಅವನೇ. ಊಟಕ್ಕೆ ಕೂತಾಗ, ಗಾಡಿಯಲ್ಲಿ ದೊಡ್ಡಮ್ಮ ಇರುತ್ತಾರೆ, ನೀನು ಮುಂದೆ ಹತ್ತಬೇಡಮ್ಮ, ಗಾಡಿ ಕೆಡುತ್ತದೆ ಅಂದನಂತೆ. ಮಾರನೇ ದಿನ ಅವಳು ಬೀಸಲು ಏನೂ ತರದೆ ಬರಿಗೈಯಲ್ಲಿ ಗಿರಣಿಗೆ ಬಂದಳು. ಕಣ್ಣು ಕೆಂಪಗಿತ್ತು. ಹಿಟ್ಟಿನ ಚೀಲದ ಮೇಲೆ ಕೂತು, ಮಗ ಈಗ ಮನೆಯಲ್ಲಿ ಉಣ್ಣುವುದಕ್ಕಷ್ಟೇ ಇರುತ್ತಾನೆ, ಉಂಡವನೇ ಹೋಗಿ ಗಾಡಿಯಲ್ಲಿ ಕೂರುತ್ತಾನೆ, ಒಬ್ಬನೇ ನಗುತ್ತಾನೆ, ಟೇಪ್ ರೆಕಾರ್ಡರಿನಲ್ಲಿ ಹಾಡು ಹಾಕಿ ಸಣ್ಣಗೆ ಮಾಡುತ್ತಾನೆ, ಯಾರಿಗೋ ಕಿವಿ ನೋಯುತ್ತದೆ ಅನ್ನುವ ಹಾಗೆ ಅಂತೆಲ್ಲ ಹೇಳಿದಳು. ಅಯ್ನೋರನ್ನು ಕರೆಸಿ ಏನಾದರೂ ಮಾಡಿಸೋಣವೇ ಅಂದೆ. ತಲೆ ಅಲ್ಲಾಡಿಸಿದಳು.

"ಓಡ್ಸಿದ್ರೆ ಅವ್ನು ನನ್ನನ್ನ ಬಿಟ್ಬುಡ್ತಾನೆ ಅತ್ತಿಗೆ. ಮಗು ಇಲ್ದೆ ಸತ್ತೋಳು... ಬೆಳ್ಸಿರೋ ಮಗನ್ನ ಹುಡಿಕ್ಕಂಡು ಬಂದವ್ಳೆ. ಹಾಲು ಕುಡ್ಸಿದ್ದು ನಾನು, ಪಕ್ಕದಲ್ಲಿ ಕೂರೋಳು ಅವ್ಳು."

 ಗಂಡನ ವಿಷಯದಲ್ಲಿ ಬರುವ ಹೊಟ್ಟೆಕಿಚ್ಚು ಒಂದು ತರ. ಇದು ಬೇರೆ.

ಆಮೇಲೆ ಹೆಗ್ಗದ್ದೆಯ ನಾಮಕರಣ ಬಂತು. ಸುಲೋಚನಳ ತವರಿನ ಕಡೆಯವರದ್ದು. ಹೋಗುವಾಗ ಬಸ್ಸಿನಲ್ಲಿ ಹೋದೆವು, ವಾಪಸು ಬರುವಾಗ ಅಭಿ ಅಲ್ಲೇ ಪಕ್ಕದ ತೋಟದಿಂದ ಶುಂಠಿ ತುಂಬಿಕೊಂಡು ಬಂದ. ಸುಲೋಚನ ಯಾರ ಮುಖವನ್ನೂ ನೋಡದೆ ಮುಂದೆ ಹತ್ತಿ, ಕಿಟಕಿ ಪಕ್ಕಕ್ಕೇ ಕೂತು, ಬಾಗಿಲು ಎಳೆದುಕೊಂಡಳು. ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಲಿಲ್ಲ. ನಾನು ಹಿಂದೆ ಚೀಲಗಳ ಮೇಲೆ ಹತ್ತಿ ಕೂತೆ. ಆ ಸಲ ಗಾಡಿ ಹಿಡಿಯಿತು. ಅವಳು ಗೆದ್ದವಳ ಹಾಗೆ ಹಿಂದಿನ ಗಾಜಿನಿಂದ ನನ್ನನ್ನು ನೋಡಿದಳು.

ಮುಸ್ಸಂಜೆ. ಏರು ದಾರಿ. ಒಂದು ಕಡೆ ಎತ್ತರದ ಮಣ್ಣಿನ ದರೆ, ಇನ್ನೊಂದು ಕಡೆ ಕೆಳಗೆ ಕಾಡು. ತಿರುವಿನಲ್ಲಿ ಎಂಜಿನ್ ಸದ್ದು ಕುಗ್ಗಿತು... ಗಡ... ಗಡ... ಗಡ... ನಿಂತಿತು.

ಲೈಟೂ ಹೋಯಿತು. ಒಂದು ಗಳಿಗೆ ಏನೂ ಇಲ್ಲ, ಕಾಡಿನ ಜೀರುಂಡೆ ಸದ್ದೂ ಇಲ್ಲ. ಆಮೇಲೆ ಟಯರಿನ ಕೆಳಗೆ ಜಲ್ಲಿ ಚರಚರ ಅಂದಿತು. ಗಾಡಿ ಹಿಂದಕ್ಕೆ ಜಾರುತ್ತಿತ್ತು.

ಅಭಿ ಬ್ರೇಕ್ ತುಳಿಯುತ್ತಿದ್ದ, ಪೆಡಲಿನ ಸದ್ದು ನನಗೆ ಕೇಳಿಸುತ್ತಿತ್ತು. ಧಬ್ ಧಬ್ ಧಬ್. ಚೀಲದ ಭಾರಕ್ಕೆ ಗಾಡಿ ನಿಲ್ಲುತ್ತಿಲ್ಲ. ನಾನು ಗಾಜಿನಿಂದ ಒಳಗೆ ನೋಡಿದೆ. ಹುಡುಗನ ಎರಡು ಕೈಯೂ ಸ್ಟೇರಿಂಗಿನ ಮೇಲೆ. ಸುಲೋಚನ ಎರಡು ಕೈಯಲ್ಲೂ ಅವನ ತೋಳನ್ನು ತಬ್ಬಿದ್ದಳು. ಅಷ್ಟರಲ್ಲಿ ಇಬ್ಬರ ನಡುವಿನಿಂದ...

ಕಟಕಟಕಟಕಟ.

ಹ್ಯಾಂಡ್ ಬ್ರೇಕ್ ಎಳೆದ ಸದ್ದು. ಗಾಡಿ ಮುಗ್ಗರಿಸಿ ನಿಂತಿತು. ನಾನು ಇಳಿದು ನೋಡಿದರೆ ಹಿಂದಿನ ಒಂದು ಚಕ್ರದ ಅರ್ಧ ರಸ್ತೆಯಿಂದ ಹೊರಗಿತ್ತು, ಅದರ ಕೆಳಗೆ ಏನೂ ಇರಲಿಲ್ಲ.

ಅಭಿ ಇಳಿದು ಗಾಡಿ ಕೆಳಗೆ ತೂರಿ ನೋಡಿದ. ಬಹಳ ಹೊತ್ತು ಈಚೆಗೆ ಬರಲೇ ಇಲ್ಲ. ಬಂದಾಗ ಮುಖ ಬಿಳಿಚಿಕೊಂಡಿತ್ತು. ಹ್ಯಾಂಡ್ ಬ್ರೇಕಿನ ವೈರು ಇನ್ನೂ ಹಾಕಿಲ್ಲ ಅತ್ತೆ ಅಂದ. ತುಂಡಾಗಿದ್ದ ಹಳೆಯದನ್ನು ತೆಗೆದು ಬಿಸಾಡಿದ್ದ, ಹೊಸದು ಇನ್ನೂ ತಂದೇ ಇರಲಿಲ್ಲ. ಬರೀ ಹಿಡಿ ಇತ್ತು. ಆ ಹಿಡಿ ಮೇಲಕ್ಕೆ ಎದ್ದು ನಿಂತಿತ್ತು.

ಮೊದಲ ಸಲ ಆ ಹುಡುಗ ಹೆದರಿದ್ದು ಅವತ್ತು. ಅಮ್ಮನ ಸೆರಗು ಹಿಡಿದುಕೊಂಡ, ಸಣ್ಣ ಮಗುವಿನ ಹಾಗೆ. ಸುಲೋಚನ ಅವನ ಬೆನ್ನು ಸವರಿದಳು, ಆದರೆ ಅವಳ ಕಣ್ಣು ಖಾಲಿ ಸೀಟಿನ ಮೇಲಿತ್ತು. ಅವಳ ಮನಸ್ಸಿನಲ್ಲಿ ಏನು ಓಡುತ್ತಿದೆ ಅಂತ ನನಗೆ ಗೊತ್ತಾಯಿತು. ಮಗನ ಪಕ್ಕದಲ್ಲಿ ಕೂತಿದ್ದವಳು ಇವಳು. ಉಳಿಸಿದ್ದು ಅವಳು.

ಊರಿಗೆ ಬರುವ ತನಕ ಅವಳು ನನ್ನ ಜೊತೆ ಹಿಂದೆ ಶುಂಠಿ ಚೀಲದ ಮೇಲೆ ಕೂತಳು. ಎಂಜಿನ್ ಒಂದೇ ಸಲಕ್ಕೆ ಹಿಡಿದಿತ್ತು. 

ಮಾರನೇ ರಾತ್ರಿ ಗಿರಣಿಯ ಬಾಗಿಲಿಗೆ ಬಂದು, ಜೊತೆಗೆ ಬನ್ನಿ ಅತ್ತಿಗೆ ಅಂದಳು. ಕೈಯಲ್ಲಿ ಗೌರಿ ಹಬ್ಬಕ್ಕೆ ಅಂತ ತೆಗೆದಿಟ್ಟುಕೊಂಡಿದ್ದ ಸೀರೆ. ಮಡಿಕೆ ಬಿಚ್ಚಿರಲಿಲ್ಲ. ಮೇಲೆ ಅರಿಶಿನ ಕುಂಕುಮ, ಒಂದು ಹಿಡಿ ಮಲ್ಲಿಗೆ. ಆಲದ ಮರದ ಕೆಳಗೆ ಗಾಡಿ ಎಡಕ್ಕೆ ವಾಲಿ ನಿಂತಿತ್ತು. ಅವಳು ಬಾಗಿಲು ತೆಗೆದಳು. ಕಿರ್ರ್... ಸೀಟಿನ ಮೇಲೆ ಸೀರೆ ಇಟ್ಟಳು. ಸೊಂಟಕ್ಕೆ ಕೈ ಕೊಟ್ಟು ನಿಂತಳು. ಸೋತು ಬಂದವಳ ಹಾಗೆ ಅಲ್ಲ, ಜಗಳಕ್ಕೆ ಬಂದವಳ ಹಾಗೆ.

"ಅಕ್ಕಾ," ಅಂದಳು. ಅಷ್ಟು ವರ್ಷದಲ್ಲಿ ಅವಳ ಬಾಯಲ್ಲಿ ಆ ಮಾತು ನಾನು ಕೇಳಿರಲಿಲ್ಲ. "ಇದು ನಿಂದು. ನಾನು ಉಡಲ್ಲ. ಮುಂದಿನ ಸೀಟೂ ನಿಂದೇ. ಅವ್ನು ಎಲ್ಲಿಗೋದ್ರೂ ಜೊತೇಲಿರು, ನೋಡ್ಕೊ. ನಾನು ಹಿಂದೆ ಕೂತ್ಕಳ್ತೀನಿ."

ಎಲೆಯಿಂದ ಮಂಜಿನ ಹನಿ ಬಾನೆಟ್ಟಿನ ಮೇಲೆ ಬೀಳುತ್ತಿತ್ತು. ಟಪ್... ಟಪ್...

"ಆದ್ರೆ ಅವ್ನಿಗೆ ಉಣ್ಣಕ್ಕೆ ಇಕ್ಕೋಳು ನಾನೇ. ಅದ್ರಲ್ಲಿ ನಿಂಗೆ ಪಾಲಿಲ್ಲ."

ನಾವು ಕಾದೆವು. ಏನನ್ನು ಕಾಯುತ್ತಿದ್ದೇವೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಗಾಳಿ ಇರಲಿಲ್ಲ. ಬಾಗಿಲು ಮೆಲ್ಲಗೆ, ಮಲಗಿದ ಮಗು ಏಳಬಾರದು ಅನ್ನುವಷ್ಟು ಮೆಲ್ಲಗೆ, ತಾನಾಗಿ ಮುಚ್ಚಿಕೊಂಡಿತು. ಟಕ್.

ಆಮೇಲೆ ಗಾಡಿ ಯಾರಿಗೂ ತೊಂದರೆ ಕೊಡಲಿಲ್ಲ. ಅಭಿ ಹೊಸ ವೈರು ಹಾಕಿದ, ಬಣ್ಣ ಇನ್ನೊಂದು ಕೋಟು ಹೊಡೆದ, ಹಾರನ್ನು ಬದಲಾಯಿಸಿದ. ಬಾಡಿಗೆ ಹೆಚ್ಚಾಯಿತು. ಮಧ್ಯಾಹ್ನ ಮನೆಗೆ ಬರಲು ಆಗುತ್ತಿರಲಿಲ್ಲ. ಸುಲೋಚನ ಅವನಿಗೆ ಊಟದ ಕ್ಯಾರಿಯರ್ ಕಟ್ಟಿ ಕಳಿಸತೊಡಗಿದಳು. ಮಾತು ಮಾತೇ ಅನ್ನುವ ಹಾಗೆ ಒಂದು ದಿನವೂ ತಪ್ಪಿಸಲಿಲ್ಲ. ಮೊದಲ ದಿನ ಸಂಜೆ ಕ್ಯಾರಿಯರ್ ವಾಪಸು ಬಂದಾಗ ನಾನು ಅವರ ಮನೆ ಜಗಲಿಯಲ್ಲೇ ಕೂತಿದ್ದೆ. ಅವಳು ಮುಚ್ಚಳ ತೆಗೆದವಳು ಹಾಗೇ ನಿಂತಳು.

ತೊಳೆದಿತ್ತು.

ಯಾವಳು ತೊಳೆದುಕೊಟ್ಟಳು ಅಂತ ಮಗನನ್ನು ಕೇಳಿದಳು. ಎಸ್ಟೇಟಿನ ಕೂಲಿ ಲೈನಿನ ಮನೆಯ ಯಾವಳಾದರೂ ಹುಡುಗಿಯೋ ಅಂತ ಅವಳ ಅನುಮಾನ. ಅವನು, ಉಂಡು ಹಾಗೇ ಮುಚ್ಚಿ ಸೀಟಿನ ಮೇಲಿಟ್ಟಿದ್ದೆ, ನಾನು ತೊಳೆದಿಲ್ಲ ಅಂದ. ಅವನು ಜನ್ಮದಲ್ಲಿ ಒಂದು ಲೋಟ ತೊಳೆದವನಲ್ಲ, ಅದು ನನಗೂ ಗೊತ್ತು. ನಾನು ಡಬ್ಬಿಗಳನ್ನು ಕೈಗೆ ತೆಗೆದುಕೊಂಡು ನೋಡಿದೆ. ಫಳಫಳ ಅನ್ನುತ್ತಿತ್ತು. ಅಂಚಿನ ಸಂದಿಯಲ್ಲಿ ಬೆರಳಾಡಿಸಿದರೆ ಬೂದಿ ಹತ್ತಿತು. ಒಲೆಯ ಬೂದಿ. ಸೋಪಿನ ಬಿಲ್ಲೆ ಬಂದ ಮೇಲೆ ನಮ್ಮೂರಿನಲ್ಲಿ ಬೂದಿ ಹಾಕಿ ಪಾತ್ರೆ ಬೆಳಗುವುದನ್ನು ಎಲ್ಲರೂ ಬಿಟ್ಟು ಎಷ್ಟೋ ಕಾಲವಾಗಿತ್ತು.

ಸುಲೋಚನ ನನ್ನ ಕೈಯಿಂದ ಡಬ್ಬಿಗಳನ್ನು ತೆಗೆದುಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಲ್ಲಿಯ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕೂತು, ತೊಳೆದಿದ್ದ ಡಬ್ಬಿಗಳನ್ನೇ ಮತ್ತೆ ತೊಳೆದಳು.

ಇವತ್ತಿಗೂ ದಿನಾ ತೊಳೆಯುತ್ತಾಳೆ. ನಂಬದಿದ್ದರೆ ಸಂಜೆ ಗಾಡಿ ಬರುವ ಹೊತ್ತಿಗೆ ನಮ್ಮೂರಿಗೆ ಬಂದು ನೋಡಿ.